ಬ್ರೆಡ್ಡಿಗೂ ಬೇಸರ

ಇವತ್ತು ಮಾನ್ವಿಯ ಬೇಕರಿ ಮುಂದೆ ಬಿಸಿ ಬ್ರೆಡ್ಡಿನ ವಾಸನೆ ಬಂತು. ಮುಂಬೈನ ಒಂದು ಶಾಲೆ ನೆನಪಾಯಿತು. ಅಪ್ಪ ಅಲ್ಲಿ ಗೌಂಡಿ ಕೆಲಸಕ್ಕಿದ್ದಾಗ, ಅವ್ವನಿಗೆ ಯಹೂದಿಗಳ ಪ್ರಾಥಮಿಕ ಶಾಲೆಯೊಂದರಲ್ಲಿ ವಾರದ ಮಟ್ಟಿಗೆ ಕಸ ಗುಡಿಸುವ ಕೆಲಸ ಸಿಕ್ಕಿತ್ತು. ಟೀಚರ್ ನನ್ನನ್ನೂ ಒಂದನೇ ತರಗತಿಯಲ್ಲಿ ಕೂಡಿಸಿಕೊಂಡರು.

ನನಗೆ ಎಲ್ಲವೂ ಗೊಂದಲ. ಅವರು ತಮ್ಮ ಹೀಬ್ರೂ ಭಾಷೆಯನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಮೊದಲ ಅಕ್ಷರ 'ಅಲೆಫ್'. ಊರಲ್ಲಿ ಪಕ್ಕದ ಮನೆಯ ಖಾಲಾ ಕಲಿಸಿದ್ದ ಉರ್ದು 'ಅಲಿಫ್' ಇದೇ ಅಂದುಕೊಂಡು ಉದ್ದ ಗೀಟು ಎಳೆದೆ. ಟೀಚರ್ ನಕ್ಕು ಅಳಿಸಿದರು. ಅವರು 'ಶಾಲೋಮ್' ಅಂದರೆ ನಾನು 'ಸಲಾಂ' ಅನ್ನುತ್ತಿದ್ದೆ.

ಶುಕ್ರವಾರ ಅವರ ವಾರದ ಪ್ರಾರ್ಥನೆಗೆಂದು ಮೇಜಿನ ಮೇಲೆ ಒಣದ್ರಾಕ್ಷಿಯ ಶರಬತ್ತು, ಬಿಳಿ ಬಟ್ಟೆ ಮುಚ್ಚಿದ ಎರಡು ಬ್ರೆಡ್ಡು ಇಟ್ಟರು. "ಮೊದಲು ಶರಬತ್ತಿಗೆ ಪ್ರಾರ್ಥನೆ. ತನ್ನನ್ನು ಹಿಂದೆ ಹಾಕಿದರೆಂದು ಬ್ರೆಡ್ಡಿಗೆ ಬೇಸರವಾಗಬಾರದು, ಅದಕ್ಕೇ ಮುಚ್ಚುತ್ತೇವೆ" ಎಂದು ಟೀಚರ್ ಹಿಂದಿಯಲ್ಲಿ ಹೇಳಿದರು.

ಸಂಜೆ ದಾರಿಯಲ್ಲಿ ಅವ್ವನನ್ನು ಕೇಳಿದೆ, "ಯವ್ವಾ, ಬ್ರೆಡ್ಡಿಗೂ ಬ್ಯಾಸರ ಆಗ್ತದೇನು?"

ಅವ್ವ ನಿಂತುಬಿಟ್ಟಳು. "ನಮ್ಮೂರಾಗ ಲಗ್ನದ ಊಟಕ್ಕ ನಮ್ಮ ಕೇರಿಯವ್ರನ್ನ ಕಡೀಕ ಕರೀತಾರ. ಎಲ್ಲಾರೂ ಉಂಡು ಏಳೂತನ ನೋಡ್ಕೋತ ಕುಂದ್ರಬೇಕು. ನಮಗ ಬ್ಯಾಸರ ಆಗ್ತದೇನಂತ ಯಾರೂ ಕೇಳಿಲ್ಲ."

ನಾನು ಬ್ರೆಡ್ಡಿನ ಮಾತು ಕೇಳಿದರೆ ಅವ್ವ ಊರಿನ ಮಾತು ಏಕೆ ತೆಗೆದಳೋ ತಿಳಿಯಲಿಲ್ಲ. ಅವಳ ಕಣ್ಣು ತುಂಬಿತ್ತು. ಏನೋ ತಪ್ಪು ಕೇಳಿದೆನೆಂದು ಅವಳ ಸೆರಗು ಹಿಡಿದು ನಡೆದೆ.

ಈಗ ದೇವದುರ್ಗದಲ್ಲಿ ನಾನೇ ಟೀಚರ್. ಬಿಸಿಯೂಟಕ್ಕೆ ಒಮ್ಮೊಮ್ಮೆ ಸಾಲಿನ ಕೊನೆಯ ಮಗುವಿನಿಂದ ಶುರುಮಾಡಿ ಬಡಿಸಲು ಅಡುಗೆಯವರಿಗೆ ಹೇಳುತ್ತೇನೆ. "ಯಾಕ್ರೀ ಟೀಚರ್?" ಎಂದು ಮುಂದೆ ನಿಂತವರು ಕೇಳುತ್ತಾರೆ. ಅವರಿಗೆ ಬಿಳಿ ಬಟ್ಟೆ ಮುಚ್ಚಿದ ಬ್ರೆಡ್ಡಿನ ಕತೆ ಹೇಳುತ್ತೇನೆ.