ಸೆರಗಿನ್ಯಾಗಿನ ಸೀರಿ, ನನ್ನ ಸುಳ್ಳು ಸಾಕ್ಷಿ

ನನ್ನ ಬಾಯಿ ನೆನಸಿಕೊಂಡರ ನನಗಽ ಹೇಸಿಕಿ ಬರ್ತೈತಿ. ಮೂವತ್ತರ ದಶಕದಾಗ ಗೋಕಾಕ ಬಜಾರದ ಒಂದು ಬಟ್ಟಿ ಅಂಗಡ್ಯಾಗ ನಾ ಗುಮಾಸ್ತ ಇದ್ದೆ. ಗಿರಾಕಿಗೆ ಸೀರಿ ಬಿಚ್ಚಿ ತೋರಿಸೂದು, ಮತ್ತ ಮಡಚಿ ಇಡೂದು, ಅದಽ ನನ್ನ ಕೆಲಸ.

ನಮ್ಮ ಕಡೆ ಲಗ್ನದ ಸೀರಿ ಅಂಗಡ್ಯಾಗಽ ಕುಂತು ಮುಗಸೂ ರೂಢಿ ಇರಲಿಲ್ಲ. ಹೆಣಮಕ್ಕಳು ಸೀರಿ ಮನಿಗೆ ಒಯ್ಯೋರು, ಮನಿ ಹಿರಿಯಾಕಿ ಮುಟ್ಟಿ ಹೂಂ ಅಂದ ಮ್ಯಾಲೆ ಬಂದು ರೊಕ್ಕ ಕೊಡೋರು. ಒಯ್ಯೂವಾಗ ಸೆರಗಿನ್ಯಾಗ ಮುಚ್ಚಿಕೊಂಡಽ ಒಯ್ಯಬೇಕು. ಮದುಮಗಳ ಸೀರಿಗೆ ಹಾದಿಬೀದಿ ಮಂದಿ ದೃಷ್ಟಿ ತಾಗಬಾರದು. ಹಳೇ ಸಾವಕಾರ್ರು ಇರೋತನಕ ಇದಕ್ಕ ಯಾರದೂ ತಕರಾರು ಇರಲಿಲ್ಲ. ಅವರು ತೀರಿಕೊಂಡ್ರು. ಪುಣೇದಾಗ ಬೆಳೆದ ಮಗ ಬಂದು ಗಾದಿ ಮ್ಯಾಲೆ ಕುಂತ.

ಒಂದಿನ ಅರಭಾವಿಯ ಅಕ್ಕಾರೊಬ್ಬರು ಬಂದ್ರು. ಮಗಳ ಲಗ್ನ ಹುಕ್ಕೇರಿ ಕಡೆ ಗೊತ್ತಾಗಿತ್ತು. ಇಳಕಲ್ ಸೀರಿ ಒಂದನ್ನ ಆರಿಸಿ, "ತಮ್ಮಾ, ಅತ್ತಿ ಹಾಸಿಗಿ ಹಿಡಿದಾರ, ಅವರಿಗೆ ತೋರಿಸಿ ನಾಳೆ ಬರ್ತೇನಿ" ಅಂದ್ರು. "ಒಯ್ರಿ ಅಕ್ಕಾರ" ಅಂದೆ. ನಾನಽ ಅಂದೆ, ಇದಽ ಬಾಯಿಲೇ. ಸಣ್ಣ ಸಾವಕಾರ ಹಿಂದಿನ ಕೋಣ್ಯಾಗ ಊಟಕ್ಕ ಕುಂತಿದ್ದ. ಅವ ಕೈ ತೊಳಕೊಂಡು ಹೊರಗ ಬರೂದಕ್ಕೂ, ಅಕ್ಕಾರು ಸೀರಿ ಸೆರಗಿನ್ಯಾಗ ಮುಚ್ಚಿಕೊಂಡು ಪಾವಟಿಗಿ ಇಳಿಯೂದಕ್ಕೂ ಒಂದಽ ಆತು. "ಕಳ್ಳಿ! ಹಿಡೀರಿ!" ಅಂತ ಒದರಿದ. ಬಜಾರಕ್ಕ ಬಜಾರಽ ಕೂಡಿತು. ಅಕ್ಕಾರು ನನ್ನ ಮಾರಿ ನೋಡಿದ್ರು.

"ನೀ ಕೊಟ್ಟೀ ಏನ?" ಅಂತ ಸಾವಕಾರ ನನ್ನ ಕೇಳಿದ. ಹೂಂ ಅಂದ್ರ ಕೆಲಸ ಹೋದೀತು ಅಂತ ಅಂಜಿಕಿ ಹೊಕ್ಕಿತು. "ಇಲ್ರಿ ಧಣೇರ" ಅಂದೆ. ಥೂ ನನ್ನ ಜನ್ಮಕ್ಕ!

ಖಟ್ಲೆ ಆತು. ಅಕ್ಕಾರ ವಕೀಲ್ರು ಒಂದು ಮುಂಜಾನಿ ನಮ್ಮ ಮನಿಗೆ ಬಂದು ತಿಳಿಸಿ ಹೇಳಿದ್ರು: "ನೋಡಪಾ, ಕೇಳಿ ಒಯ್ದರ ಅದು ಕಳವಲ್ಲ. ಕದಿಯೂ ಮನಸ್ಸು ಇರಬೇಕು, ಮಾಲಕರ ಒಪ್ಪಿಗಿ ಇರಬಾರದು, ಆಗ ಕಳವು. ಅಂಗಡಿ ಗುಮಾಸ್ತನಽ ಒಯ್ಯಿ ಅಂದಿದ್ದ ಅಂದ್ರ ಖಟ್ಲೆ ನಿಲ್ಲೂದಿಲ್ಲ. ಸೆರಗಿನ್ಯಾಗ ಯಾಕ ಮುಚ್ಚಿದ್ಳು ಅಂತ ಮ್ಯಾಜಿಸ್ಟ್ರೇಟ ಸಾಹೇಬ್ರು ಕೇಳೇ ಕೇಳ್ತಾರ. ರೂಢಿ ಐತ್ರಿ ಅಂತ ನೀ ಒಂದು ಮಾತು ಹೇಳಬೇಕು." ನಾ ಗೋಣು ಹಾಕಿದೆ. ವಕೀಲ್ರು ನಂಬಿ ಎದ್ದು ಹ್ವಾದ್ರು.

ಕೋರ್ಟಿನ್ಯಾಗ ಸಣ್ಣ ಸಾವಕಾರ ಎದರಿಗೇ ಕುಂತಿದ್ದ, ಕಣ್ಣು ನನ್ನ ಮ್ಯಾಲೇನಽ. ದೇವರ ಆಣಿ ಮಾಡಿ ನಿಂತೆ.

"ಒಯ್ರಿ ಅಂತ ನೀವು ಅಂದಿದ್ದು ಖರೆ ಹೌದಲ್ಲೋ?" ಅಂತ ವಕೀಲ್ರು ಕೇಳಿದ್ರು.

"ಇಲ್ರಿ."

"ಮನಿಗೆ ಒಯ್ದು ತೋರಿಸೂ ರೂಢಿ?"

"ನಮ್ಮ ಅಂಗಡ್ಯಾಗ ಇಲ್ರಿ."

ವಕೀಲ್ರು ನನ್ನ ನೋಡಿದ್ರು, ಕಾಲಿಗೆ ಹತ್ತಿದ ಹೊಲಸು ನೋಡಿದಂಗ. ಹತ್ತು ವರ್ಷದಾಗ ನನ್ನ ಕೈಲೇನಽ ಎಷ್ಟು ಸೀರಿ ಹಂಗ ಹೋಗಿ, ಹಂಗಽ ತಿರುಗಿ ಬಂದಿದ್ದುವು!

ಕಳವು ಸಾಬೀತಾತು. ಹೆಣಮಗಳು, ಮೊದಲನೇ ಸಲ ಅಂತ ಸಾಹೇಬ್ರು ಜೇಲಿಗೆ ಹಾಕಲಿಲ್ಲ. ನೆಟ್ಟಗ ಇರ್ತೇನಿ ಅಂತ ಮುಚ್ಚಳಿಕಿ ಬರಸಿಕೊಂಡು, ಬುದ್ಧಿ ಹೇಳಿ ಬಿಟ್ರು. ಏನೂ ತಪ್ಪು ಮಾಡದಾಕಿಗೆ ಬುದ್ಧಿ! ನಾನೂ ಅಲ್ಲೇ ನಿಂತು ಕೇಳಿದೆ. ಜೇಲು ತಪ್ಪಿತು, ಕಳ್ಳಿ ಅನ್ನೂದು ಕಾಗದದ ಮ್ಯಾಲೆ ಉಳೀತು. ಹುಕ್ಕೇರಿಯವರು ಲಗ್ನ ಮುರಿದ್ರು.

ಮುಂದ ಒಂದು ಸಂತಿ ದಿನ ಅಕ್ಕಾರು ನನಗ ಎದರಾದ್ರು. ಬೈತಾರಂತ ತಲಿ ತಗ್ಗಿಸಿ ನಿಂತೆ. ಬೈದಿದ್ರ, ಎರಡು ಏಟು ಹಾಕಿದ್ರ, ಛಲೋ ಇತ್ತು.

"ತಮ್ಮಾ, ಕೋರ್ಟಿನ್ಯಾಗ ಬ್ಯಾಡ, ನಿನ್ನ ಸಾವಕಾರನ ಮುಂದೂ ಬ್ಯಾಡ" ಅಂದ್ರು. "ಒಂದು ಸಲ ನಮ್ಮ ಮನಿಗೆ ಬಾ. ನಿಮ್ಮವ್ವ ಕಳ್ಳಿ ಅಲ್ಲ ಅಂತ ನನ್ನ ಮಗಳಿಗೆ ಹೇಳು. ಆಕಿ ನನ್ನ ಜೋಡಿ ಮಾತು ಬಿಟ್ಟಾಳ."

"ಬರ್ತೇನ್ರಿ ಅಕ್ಕಾರ" ಅಂದೆ.

ಅರಭಾವಿ ಏನು ದೂರ? ಮುಂಜಾನಿ ಹೋದ್ರ ಮಧ್ಯಾಹ್ನಕ್ಕ ತಿರುಗಿ ಬರಬಹುದು. ನಾ ಹೋಗಲಿಲ್ಲ.