ರಾಹುಕಾಲ ನೋಡುವ ವೆಬ್‌ಸೈಟು

ನಮ್ಮ ನಡುಮನೆಯ ಫ್ಯಾನಿನ ರೆಕ್ಕೆಗಳನ್ನು ಒರೆಸುವುದಕ್ಕೆ ಒಂದೇ ಒಂದು ಮುಹೂರ್ತವಿದೆ, ಅದು ನೆಂಟರು ಬರುವುದಕ್ಕೆ ಅರ್ಧ ಗಂಟೆ ಮುಂಚೆ. ವರ್ಷವಿಡೀ ಧೂಳು ಹೊತ್ತು ಗಿರಗಿರನೆ ತಿರುಗುವ ಆ ಬಡಪಾಯಿಯತ್ತ ಯಾರೂ ತಲೆಯೆತ್ತಿ ನೋಡುವುದಿಲ್ಲ; ಮೈಸೂರಿನ ಅತ್ತೆ ಊರೊಳಗೆ ಬಂದರಂತೆ ಎಂಬ ಫೋನು ಬಂದದ್ದೇ ತಡ, ಸ್ಟೂಲು ಬರುತ್ತದೆ, ಒದ್ದೆ ಬಟ್ಟೆ ಬರುತ್ತದೆ, ನನ್ನ ಗಂಡನ ಬೆನ್ನುನೋವೂ ಅದೇ ಹೊತ್ತಿಗೆ ತಪ್ಪದೆ ಬರುತ್ತದೆ. ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ಬೀಳುವುದೂ ಆಗಲೇ, ಸೋಫಾದ ಮೇಲೆ ಬೆಟ್ಟವಾಗಿದ್ದ ಒಗೆದ ಬಟ್ಟೆಗಳು ಮಡಿಕೆಯನ್ನೇ ಕಾಣದೆ ಬೀರುವಿನೊಳಕ್ಕೆ ತೂರಿಕೊಳ್ಳುವುದೂ ಆಗಲೇ. ನಿಮ್ಮ ಮನೆಯ ಕಥೆಯೂ ಇದೇ ಎಂದು ನನಗೆ ಗೊತ್ತು, ಸುಮ್ಮನೆ ಮುಖ ಗಂಭೀರ ಮಾಡಿಕೊಳ್ಳಬೇಡಿ.

ಲೋಕದ ಕೆಲಸಗಳನ್ನೆಲ್ಲ ಜರಡಿ ಹಿಡಿದರೆ ಉಳಿಯುವುದು ಎರಡೇ ಜಾತಿ. ಒಮ್ಮೆ ಮಾಡಿ ಕೈತೊಳೆದುಕೊಳ್ಳುವಂಥವು, ಮತ್ತು ಕೈತೊಳೆದುಕೊಳ್ಳುವಷ್ಟರಲ್ಲೇ ಮರಳಿ ಬಂದು ಎದುರು ನಿಲ್ಲುವಂಥವು. ಗೃಹಪ್ರವೇಶ ಮೊದಲನೆಯದು, ಆ ಗೃಹವನ್ನು ಗುಡಿಸುವುದು ಎರಡನೆಯದು. ಮೊದಲನೆಯದಕ್ಕೆ ಫೋಟೊಗ್ರಾಫರ್ ಬರುತ್ತಾನೆ, ಡ್ರೋನು ಹಾರುತ್ತದೆ, ಹೋಳಿಗೆಗೆ ತುಪ್ಪ ಸಾಲದೆಂದು ಜಗಳವೂ ಆಗುತ್ತದೆ. ಎರಡನೆಯದಕ್ಕೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟ ಸಭೆಯೊಂದನ್ನು ಈ ಜಯನಗರ, ಬನಶಂಕರಿಗಳಲ್ಲಿ ನಾನು ಇಂದಿನವರೆಗೆ ಕಂಡಿಲ್ಲ. ದೋಸೆಹಿಟ್ಟು ರುಬ್ಬಿದ ಜೀವಮಾನದ ಸಾಧನೆಗಾಗಿ ಯಾರಿಗೂ ಸನ್ಮಾನಪತ್ರ ಓದಿದ್ದು ಕೇಳಿಲ್ಲ. ಈ ಅನ್ಯಾಯದ ಬಗ್ಗೆ ನಾನು ಬೇಕಾದಷ್ಟು ಹೊತ್ತು ಮಾತಾಡಬಲ್ಲೆ, ಆದರೆ ಒಲೆಯ ಮೇಲೆ ಹಾಲಿದೆ.

ನನ್ನ ಹೊಟ್ಟೆಪಾಡು ನಿಂತಿರುವುದೂ ಇವೆರಡರ ಮೇಲೆಯೇ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಸುತ್ತಮುತ್ತಲ ಸಂಗೀತ ಶಾಲೆಗೂ ಚಕ್ಕುಲಿ ಅಂಗಡಿಗೂ ಯೋಗದ ತರಗತಿಗೂ ವೆಬ್‌ಸೈಟು ಕಟ್ಟಿಕೊಡುವವಳು ನಾನು. ವೆಬ್‌ಸೈಟೆಂದರೆ ಕಣ್ಣಿಗೆ ಕಾಣುವ ಬಣ್ಣದ ಪುಟ ಎಂದು ನೀವು ತಿಳಿದಿರಬಹುದು. ಅದು ಛತ್ರದ ಮುಂಬಾಗಿಲು ಮಾತ್ರ, ಅಡುಗೆ ನಡೆಯುವುದು ಹಿತ್ತಲಲ್ಲಿ. ಇಂಥವರಿಗೆ ಇಂಥ ಹೊತ್ತಿಗೆ ಒಂದು ಇಮೇಲ್ ಪತ್ರ ಕಳಿಸಿ ಆಮೇಲೆ ಮರೆತುಬಿಡು ಎಂದು ಅದಕ್ಕೆ ಹೇಳಿಟ್ಟರೆ ಅದು ಒಂದು ಸಲದ ಕೆಲಸ, ದಿನಾ ಬೆಳಗ್ಗೆ ಹಳೆಯ ಕಸ ಗುಡಿಸು ಎಂದು ಹೇಳಿಟ್ಟರೆ ಅದು ಮರುಕಳಿಸುವ ಕೆಲಸ. ತಮಾಷೆಯೆಂದರೆ ನಾನು ಕಟ್ಟುವ ಬಗೆಯ ವೆಬ್‌ಸೈಟುಗಳಿಗೆ ತಾವಾಗಿ ಏಳುವ ಅಭ್ಯಾಸವಿಲ್ಲ. ಯಾರಾದರೂ ಬಂದು ಪುಟ ತೆರೆದಾಗ ಮಾತ್ರ ಕಣ್ಣುಜ್ಜಿಕೊಂಡು ಎದ್ದು, ಬಾಕಿ ಏನಿದೆಯೆಂದು ನೋಡಿ, ಹೊತ್ತು ಮೀರಿದ್ದನ್ನೆಲ್ಲ ಒಂದೇ ಉಸಿರಿಗೆ ಮಾಡಿ ಮುಗಿಸುತ್ತವೆ. ಯಾರೂ ಬರದಿದ್ದರೆ ಇಂದಿನ ಬೆಳಗಿನ ಕೆಲಸ ಬರುವ ವಾರದವರೆಗೂ ಅಲ್ಲೇ ಬಿದ್ದಿರುತ್ತದೆ. ನೆಂಟರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾವ ದೇಶದವನೋ ನಾನರಿಯೆ, ಅವನ ಅಜ್ಜಿಮನೆ ಮಾತ್ರ ಬಸವನಗುಡಿಯಲ್ಲೇ ಇದ್ದಿರಬೇಕು.

ಇದಕ್ಕೆ ಮದ್ದಿಲ್ಲವೆಂದಲ್ಲ. ಸರ್ವರಿನಲ್ಲಿ ನಿಜವಾದ ಅಲಾರಂ ಒಂದನ್ನು ಇಟ್ಟರೆ ಯಾರು ಬರಲಿ ಬಿಡಲಿ ಕೆಲಸ ಹೊತ್ತಿಗೆ ಸರಿಯಾಗಿ ಆಗುತ್ತದೆ. ಹನುಮಂತನಗರದ ಶೇಷಗಿರಿ ಮೇಷ್ಟ್ರಿಗೆ ನಾನು ಇದನ್ನು ಕಾಫಿ ಆರುವ ತನಕ ವಿವರಿಸಿದ್ದೆ. ನಿವೃತ್ತ ಹೆಡ್‌ಮಾಸ್ಟರಾದ ಅವರು ಪುಕ್ಕಟೆಯಾಗಿ ಗಂಡುಹೆಣ್ಣು ಕೂಡಿಸುವ ವಧೂವರ ಬಳಗವೊಂದನ್ನು ನಡೆಸುತ್ತಾರೆ, ಅದರ ವೆಬ್‌ಸೈಟು ನನ್ನ ಕೈಯದು. ಎಲ್ಲ ಕೇಳಿಸಿಕೊಂಡು ಮೇಷ್ಟ್ರು ತಲೆಯಾಡಿಸಿ ಹೇಳಿದರು, "ಅಲಾರಂ ಎಲ್ಲ ಬೇಡ ಕಣಮ್ಮ. ಮದುವೆ ವಿಷ್ಯ. ಯಾರೋ ಒಬ್ರು ಪುಣ್ಯವಂತರು ಬಂದಾಗ ಅವರ ಕಾಲ್ಗುಣದಿಂದ ಪತ್ರ ಹೋಗ್ಲಿ."

ಕಾಲ್ಗುಣಕ್ಕೆ ಎದುರಾಡುವ ತಂತ್ರಜ್ಞಾನ ಇನ್ನೂ ಹುಟ್ಟಿಲ್ಲವಾದ್ದರಿಂದ ನಾನು ಸುಮ್ಮನಾದೆ. ಮೇಷ್ಟ್ರು ಸುಮ್ಮನಾಗಲಿಲ್ಲ. ರಾಹುಕಾಲದಲ್ಲಿ ಯಾವ ಪತ್ರವೂ ಹೊರಡಕೂಡದು ಎಂದರು. ನಿಮಗೆ ಗೊತ್ತಿರುವಂತೆ ರಾಹು ಒಂದು ಕಡೆ ಕೂರುವ ಆಸಾಮಿಯಲ್ಲ. ಸೋಮವಾರ ತಿಂಡಿಯ ಹೊತ್ತಿಗೇ ವಕ್ಕರಿಸುವವನು ಭಾನುವಾರ ಸಂಜೆಯ ಕಾಫಿಗೆ ಬರುತ್ತಾನೆ. ಏಳು ದಿನಕ್ಕೆ ಏಳು ಬಗೆಯ ತಡೆಗೋಡೆ ಬರೆದು, ಅವನಿದ್ದಷ್ಟು ಹೊತ್ತು ಪತ್ರಗಳು ಬಾಗಿಲ ಹಿಂದೆ ಕಾಯುವಂತೆ ಮಾಡಿದೆ. ಆಮೇಲೆ ಆಷಾಢ. ಆ ಮಾಸ ಪೂರ್ತಿ ಒಂದು ಪತ್ರವೂ ಹೋಗಬಾರದು ಎಂದರು. ಅದನ್ನೂ ಬರೆದೆ. ಕೊನೆಗೆ ಬಂದದ್ದು ಗಡುವು. ಗಂಡು ಆಸಕ್ತಿ ತಿಳಿಸಿ ಹದಿನೈದು ದಿನವಾದರೂ ಹೆಣ್ಣು ಉತ್ತರಿಸದಿದ್ದರೆ ಆ ಪ್ರಸ್ತಾಪವನ್ನು ಗುಡಿಸಿ ಹಾಕಿ, ಆಕೆಗೆ ಇಷ್ಟವಿಲ್ಲವಂತೆ ಎಂದು ಅವನಿಗೆ ತಿಳಿಸಿಬಿಡಬೇಕು. "ಗಂಡಿನ ಕಡೆಯವರನ್ನ ಕಾಯಿಸಬಾರದಮ್ಮ, ಮರ್ಯಾದೆ ಅಲ್ಲ" ಎಂದರು ಮೇಷ್ಟ್ರು. ಹಾಗಾದರೆ ಹೆಣ್ಣಿಗೆ ಯೋಚಿಸಲು ಪುರುಸೊತ್ತು ಬೇಡವೇ ಎಂದು ನಾನು ಕೇಳಿದ್ದಕ್ಕೆ, ಅವಳು ಯೋಚಿಸುವುದಕ್ಕೇನಿದೆ ಎಂಬ ಹಾಗೆ ನನ್ನನ್ನೇ ನೋಡಿದರು. ಗುಡಿಸುವುದಕ್ಕೂ ಆಷಾಢದ ರಜೆ ಬೇಕೇ ಎಂದದ್ದಕ್ಕೆ, ಕಸ ಗುಡಿಸೋಕೆ ಯಾವ ಮಾಸವಾದರೇನು ಎಂದುಬಿಟ್ಟರು.

ಇನ್ನು ಗಿರಿಜೆಯ ವಿಷಯ. ಗಿರಿಜೆ ನನ್ನ ಚಿಕ್ಕಮ್ಮನ ಮಗಳು, ನಲವತ್ತು ದಾಟಿದವಳು, ಬಿಟಿಎಂ ಲೇಔಟಿನ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತ ಜೆಪಿ ನಗರದಲ್ಲಿ ಒಬ್ಬಳೇ ಇರುವವಳು. ಮೇಷ್ಟ್ರ ಸೈಟು ಕಟ್ಟುವಾಗ ಪರೀಕ್ಷೆಗೆಂದು ನನಗೊಂದು ಹೆಣ್ಣಿನ ವಿವರ ಬೇಕಿತ್ತು. "ನಂದೇ ಹಾಕ್ಕೋ, ಹೇಗೂ ಖಾಲಿ ಬಿದ್ದಿದೆ" ಎಂದಳು. ತನ್ನ ಬಗ್ಗೆ ಒಂದು ಸಾಲು ಬರೆಯುವ ಜಾಗದಲ್ಲಿ ತಾನೇ ಕೂತು, "ಅಡುಗೆ ಚೆನ್ನಾಗಿ ಬರುತ್ತದೆ, ದಿನಾ ಮಾಡುವುದಿಲ್ಲ" ಎಂದು ಬರೆದಳು. ಮೇಷ್ಟ್ರು ಅದರ ಎರಡನೆಯ ಅರ್ಧವನ್ನು ತೆಗೆಸಲು ಬಹಳ ಹೆಣಗಿದರು, ಅವಳು ಜಪ್ಪಯ್ಯ ಅನ್ನಲಿಲ್ಲ. ಪರೀಕ್ಷೆ ಮುಗಿದ ಮೇಲೆ ತೆಗೆದುಬಿಡಲೇ ಎಂದು ನಾನು ಕೇಳಿದಾಗ ಮಾತ್ರ, "ಇರ್ಲಿ ಬಿಡು, ಅದೇನು ಅನ್ನ ಕೇಳುತ್ತಾ" ಎಂದು ಬೇರೆ ಕಡೆ ನೋಡಿದಳು. ಆ ಬೇರೆ ಕಡೆ ನೋಡಿದ್ದನ್ನು ನಾನು ನೋಡಿದೆ. ಬೇಡ ಬೇಡ ಎನ್ನುತ್ತಲೇ ಅವಳು ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಅವಳನ್ನು ದೂರಿ ಫಲವಿಲ್ಲ. ಮದುವೆಯ ಮಾತಿನಲ್ಲಿ ನಮ್ಮ ಬಂಧುಬಳಗ ಅವಳ ಮೇಲೆ ಒಂದು ಮರುಕಳಿಸುವ ಕೆಲಸವನ್ನೇ ಹೂಡಿಬಿಟ್ಟಿತ್ತು. ನಾಮಕರಣಕ್ಕೆ ಹೋದರೆ ಕೇಳಿದರು, ತಿಥಿಯೂಟಕ್ಕೆ ಹೋದರೂ ವಡೆ ಬಡಿಸುತ್ತ ಕೇಳಿದರು, ಕೇಳಿ ಮುಗಿಸಿದ ಮರುಕ್ಷಣ ಉತ್ತರಕ್ಕೂ ಕಾಯದೆ ಪಾಯಸದತ್ತ ತಿರುಗಿದರು. ಯಾವಾಗ ಎಂದು ನೂರು ಬಾಯಿ ಕೇಳಿದವೇ ಹೊರತು ನಿನಗೆ ಬೇಕೇ, ಎಂಥವನಾದರೆ ಬೇಕು ಎಂದು ಒಂದು ಬಾಯಿ ಒಂದು ಸಲ ಕೇಳಿದ್ದು ನನಗೆ ನೆನಪಿಲ್ಲ. ಅವಳು ಉತ್ತರವೊಂದನ್ನು ಬಾಯಿಪಾಠ ಮಾಡಿಕೊಂಡಿದ್ದಳು. "ಆಗ್ಲಿ ನೋಡೋಣ" ಎನ್ನುತ್ತಿದ್ದಳು, ಎದುರಿನವರು ಮಾತು ಮುಗಿಸುವುದಕ್ಕೂ ಮುಂಚೆಯೇ. ನನಗೆ ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆ ಸಂಕಟವೂ.

ಈ ಸಲದ ಆಷಾಢ ಹುಟ್ಟಿದ ವಾರವೇ ಅಂಜನಾಪುರದ ನಾಗರಾಜ್ ಎಂಬುವರು ಸೈಟಿಗೆ ಬಂದು, ಗಿರಿಜೆಯ ವಿವರ ಓದಿ, ಆಸಕ್ತಿಯಿದೆ ಎಂಬ ಗುಂಡಿ ಒತ್ತಿ ಹೋದರು. ಹೆಂಡತಿ ತೀರಿಕೊಂಡವರು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರು. ಕೆಟ್ಟು ನಿಂತ ಲಿಫ್ಟಿಗೆ ಆಷಾಢವಿಲ್ಲವಾದ್ದರಿಂದ ಅವರಿಗೆ ಅದರ ಪರಿವೆಯೇ ಇರಲಿಲ್ಲವೆಂದು ಕಾಣುತ್ತದೆ. ಅವರ ಪತ್ರ ಆಜ್ಞೆಯಂತೆ ಬಾಗಿಲ ಹಿಂದೆ ಕಾಯುತ್ತ ಕೂತಿತು. ಅವರಾದ ಮೇಲೆ ಸೈಟಿನತ್ತ ಒಂದು ನೊಣವೂ ಸುಳಿಯಲಿಲ್ಲ. ಆಷಾಢದಲ್ಲಿ ಗಂಡು ನೋಡುವವರು ಯಾರು. ಯಾರೂ ಬರದ ಮೇಲೆ ದಿನಬೆಳಗಿನ ಕಸಗುಡಿಸುವ ಕೆಲಸವೂ ಏಳಲಿಲ್ಲ. ಹದಿನೈದು ದಿನದ ಗಡುವು ಮಾತ್ರ ನಿದ್ದೆಯಲ್ಲೇ ದಾಟಿಹೋಯಿತು. ಪತ್ರ ಹೊರಟೇ ಇರಲಿಲ್ಲ, ಉತ್ತರದ ಕಾಲ ಮುಗಿದೇ ಹೋಗಿತ್ತು.

ಶ್ರಾವಣದ ಮೊದಲ ದಿನ ಭಾನುವಾರ. ಬೆಳಗ್ಗೆ ಯಾರೋ ಒಬ್ಬರು ಸೈಟು ತೆರೆದರು. ತಿಂಗಳಿನಿಂದ ಗೊರಕೆ ಹೊಡೆಯುತ್ತಿದ್ದ ಅದು ದಡಬಡನೆ ಎದ್ದು ಬಾಕಿಯನ್ನೆಲ್ಲ ತೀರಿಸಿತು. ಮೊದಲು ಗಿರಿಜೆಗೆ ಪತ್ರ ಬಂತು, ನಾಗರಾಜ್ ಅವರಿಗೆ ನಿಮ್ಮಲ್ಲಿ ಆಸಕ್ತಿಯಿದೆ ಎಂದು, ಅವರ ಫೋನ್ ನಂಬರಿನ ಸಮೇತ. ಅವಳು ಕನ್ನಡಕ ಹುಡುಕಿ ಅದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂತು, ನೀವು ಉತ್ತರಿಸದ ಕಾರಣ ಪ್ರಸ್ತಾಪ ರದ್ದಾಗಿದೆ, ನಿಮಗೆ ಇಷ್ಟವಿಲ್ಲವೆಂದು ಅವರಿಗೆ ತಿಳಿಸಲಾಗಿದೆ ಎಂದು. ಹೆಣ್ಣು ನೋಡಲು ಬಂದವರು ಹೊಸ್ತಿಲಲ್ಲೇ ತಾಂಬೂಲ ತೆಗೆದುಕೊಂಡು ಹಿಂದಿರುಗಿದಂತೆ ಆಯಿತು.

ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿಜಕ್ಕೂ ನೊಂದುಕೊಂಡರು, ಆಮೇಲೆ ಕಾಲ್ಗುಣದ ವಿಚಾರಣೆಗೆ ಇಳಿದರು. "ಬೆಳಬೆಳಗ್ಗೆ ಬಂದೋರು ಯಾರು ನೋಡಮ್ಮ, ಎಂಥಾ ದರಿದ್ರ ಕಾಲು ಅದು." ನಾನು ನೋಡಿದೆ. ಶ್ರಾವಣ ಶುರುವಾಯಿತಲ್ಲ ಎಂದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಸೈಟನ್ನು ಮೊದಲು ತೆರೆದವರು ಮೇಷ್ಟ್ರೇ. ಅದನ್ನೇ ಹೇಳಿದೆ. "ನೆಟ್‌ವರ್ಕ್ ಸರಿ ಇಲ್ಲ ಕಣಮ್ಮ" ಎಂದು ಫೋನಿಟ್ಟರು.

ಸಂಜೆ ಗಿರಿಜೆ ಬಂದಳು. ನಗುತ್ತ ಬರುತ್ತಾಳೆಂದುಕೊಂಡಿದ್ದೆ, ಏಕೆಂದರೆ ಇಡೀ ಪ್ರಕರಣ ನಗುವಂಥದ್ದೇ. ಅವಳು ಕುರ್ಚಿ ಎಳೆದುಕೊಂಡು ಫೋನನ್ನು ನನ್ನ ಮುಂದೆ ಹಿಡಿದಳು. ಅಂದು ಗುಂಡಿ ಒತ್ತುವಾಗಲೇ ನಾಗರಾಜ್ ತಮ್ಮ ಕೈಯಾರೆ ಎರಡು ಸಾಲು ಸೇರಿಸಿದ್ದರು, ಮೊದಲ ಪತ್ರದ ಕೆಳಗೆ ಅವು ಬಂದಿದ್ದವು. "ದಿನದ ಅಡುಗೆ ನಾನು ಮಾಡ್ತೀನಿ, ಅಭ್ಯಾಸ ಆಗಿದೆ. ಹಬ್ಬಕ್ಕೆ ನೀವು ಮಾಡಿದ್ರೆ ಸಾಕು."

"ನಾನು ಬರ್ದಿದ್ದನ್ನ ಓದಿದಾರೆ ಕಣೆ" ಎಂದಳು ಗಿರಿಜೆ. "ಇಷ್ಟು ವರ್ಷದಲ್ಲಿ ಒಬ್ರು ಓದಿದ್ರು. ಅವರಿಗೆ ನಾನು ಬೇಡ ಅಂದೆ ಅಂತ ಹೇಳಿಬಿಟ್ಯಲ್ಲ."

ಹೇಳಿದ್ದು ಸೈಟು, ಸೈಟಿಗೆ ಹೇಳಿಕೊಟ್ಟವಳು ನಾನು. ಲ್ಯಾಪ್‌ಟಾಪ್ ತೆರೆದೆ. ಅಳಿಸಿಹೋದದ್ದನ್ನು ಮತ್ತೆ ಕೂರಿಸಿ, ತಪ್ಪಾಗಿದೆ ಕ್ಷಮಿಸಿ ಎಂಬ ಪತ್ರವೊಂದನ್ನು ಒಂದು ಸಲದ ಕೆಲಸವಾಗಿ ಅವರಿಗೆ ಹೂಡಿದೆ. ಸೈಟು ವಿನಯದಿಂದ ತಿಳಿಸಿತು, ರಾಹುಕಾಲವಿರುವುದರಿಂದ ಪತ್ರ ಆರು ಗಂಟೆಯ ನಂತರ ಹೋಗುತ್ತದೆ. ನನ್ನ ತಡೆಗೋಡೆ ನನಗೇ ಅಡ್ಡ ನಿಂತಿತ್ತು. "ಒಂದು ಗಂಟೆ ತಾನೇ, ಕಾಫಿ ಕುಡಿ, ಆಮೇಲೆ ಅದೇ ಹೋಗುತ್ತೆ" ಎಂದೆ.

"ಆಮೇಲೆ ಯಾರಾದ್ರೂ ಪುಣ್ಯವಂತರು ಬರೋ ತನಕ ಕಾಯ್ಬೇಕು, ಅಲ್ವಾ?" ಎಂದಳು. ಅವಳ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಹಿಂದೆ ನೋಡಿರಲಿಲ್ಲ. ಫೋನು ಕೈಗೆ ತೆಗೆದುಕೊಂಡು, ಪತ್ರದಲ್ಲಿದ್ದ ನಂಬರು ಒತ್ತಿ, ನನಗೂ ಕೇಳಲೆಂದೋ ಧೈರ್ಯಕ್ಕೊಬ್ಬರು ಇರಲೆಂದೋ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ನಾಗರಾಜ್ ಎತ್ತಿಕೊಂಡರು. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

"ನಮಸ್ಕಾರ, ನಾನು ಗಿರಿಜಾ. ಬೆಳಗ್ಗೆ ನಿಮಗೊಂದು ಪತ್ರ ಬಂದಿರ್ಬೇಕು, ನನಗೆ ಇಷ್ಟ ಇಲ್ಲ ಅಂತ."

"ಬಂತು ಮೇಡಂ. ಪರವಾಗಿಲ್ಲ, ನೀವು ಫೋನ್ ಮಾಡಿ ಹೇಳೋ ಅಗತ್ಯ ಇರ್ಲಿಲ್ಲ."

"ಅದು ನಾನು ಹೇಳಿದ್ದಲ್ಲ. ಬೇಕು ಅಂತಾನೂ ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ. ನನ್ನನ್ನ ಯಾರೂ ಕೇಳೇ ಇಲ್ಲ."

ಆ ಕಡೆ ಒಲೆ ಆರಿಸಿದ ಸದ್ದಾಯಿತು. "ಹಾಗಾದ್ರೆ ಈಗ ನಾನು ಕೇಳ್ತೀನಿ ಮೇಡಂ" ಎಂದರು ಅವರು, ನಿಧಾನವಾಗಿ, ಪದಗಳನ್ನು ಆಯ್ದುಕೊಳ್ಳುತ್ತ. "ನಿಮಗೆ ಇಷ್ಟ ಇದ್ರೆ ಒಂದ್ಸಲ ಭೇಟಿ ಆಗೋಣ್ವಾ?"

ಅವಳ ಉತ್ತರ ನನಗೆ ಗೊತ್ತಿತ್ತು. ಅವಳ ಮುಖ ಕಿವಿಯ ತನಕ ಕೆಂಪೇರಿತ್ತು. ಹೂಂ ಅನ್ನು ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದಳು, ಎಂದಿನ ಹಾಗೆ ಆಗ್ಲಿ ನೋಡೋಣ ಎನ್ನಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೊಂದೇ ಮಾತನ್ನು ಮೇಜಿನ ಮೇಲೆ ಇಟ್ಟಂತೆ ಹೇಳಿದಳು.

"ಯೋಚನೆ ಮಾಡಿ ಹೇಳ್ತೀನಿ. ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ."

"ಕೇಳಲ್ಲ ಮೇಡಂ. ನಿಧಾನವಾಗಿ ಹೇಳಿ, ನಾನಿರ್ತೀನಿ."