ಬೈಂಡಿಂಗ್ ಅಂಗಡಿಗೆ ಬಂದ ಮೂಲಂಗಿ

ಪುಸ್ತಕ ಕಟ್ಟುವ ಅಂಗಡಿಯವನನ್ನು ಬೀದಿಯವರೆಲ್ಲ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅಂಟು ಕಲಸಿ ಅವನ ಬೆರಳ ತುದಿಗಳು ನುಣುಪಾಗಿಬಿಟ್ಟಿದ್ದವು. ಶಾಲೆಯ ಹಾಜರಿ ಪುಸ್ತಕ, ವಕೀಲರ ಕಡತ, ವಿದ್ಯಾರ್ಥಿಗಳ ಪ್ರಬಂಧ, ಯಾರದೋ ಅಜ್ಜಿಯ ಹರಿದ ನಿಘಂಟು, ಏನೇ ಬರಲಿ, ಹಾಳೆ ಜೋಡಿಸಿ, ದಾರ ಪೋಣಿಸಿ, ಬೆನ್ನಿಗೆ ಬಟ್ಟೆ ಅಂಟಿಸಿ, ಕಬ್ಬಿಣದ ಒತ್ತುಯಂತ್ರದಲ್ಲಿ ಒಂದು ಹಗಲು ಒಂದು ರಾತ್ರಿ ಬಿಗಿದಿಟ್ಟೇ ಕೊಡುತ್ತಿದ್ದ. ಅವಸರ ಮಾಡಿದವರಿಗೆ, "ಬೇರೆ ಕಡೆ ಹೋಗಿ" ಎನ್ನುತ್ತಿದ್ದ. ಮನುಷ್ಯರಲ್ಲಿ ಅವನಿಗೆ ಶತ್ರುಗಳಿರಲಿಲ್ಲ. ಇದ್ದ ಒಂದೇ ಶತ್ರು ತೇವ.

ಅವನಿಗೊಬ್ಬಳು ಅಕ್ಕ. ನಿವೃತ್ತ ನರ್ಸ್. ಸೂಜಿ ಚುಚ್ಚುವಾಗ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ಒಂದು ದಿನ ಅಂಗಡಿಗೆ ಬಂದವಳೇ ಸ್ಟೂಲಿನ ಮೇಲಿದ್ದ ರಟ್ಟುಗಳನ್ನು ಪಕ್ಕಕ್ಕೆ ಸರಿಸಿ ಕೂತಳು.

"ಊರಾಚೆ ತೋಟ ಮಾಡ್ಕೊಂಡಿದಾಳಲ್ಲ ಒಬ್ಬಳು, ಅವಳ ಹತ್ರ ಪಾಲು ತಗೊಂಡಿದೀನಿ ಕಣೋ. ಹಂಗಾಮಿನ ದುಡ್ಡು ಮೊದಲೇ ಕಟ್ಟೋದು, ವಾರಕ್ಕೊಂದು ಬುಟ್ಟಿ ತರಕಾರಿ. ನಿನ್ನ ಹೆಸರೂ ಬರೆಸಿದೀನಿ."

"ನನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ." ಎದ್ದು ನಿಂತವಳು ಬಾಗಿಲ ಬಳಿ ಹೋಗಿ ತಿರುಗಿದಳು. "ಆಮೇಲೆ, ಎಲ್ಲರ ಬುಟ್ಟೀನೂ ಗುರುವಾರ ಇಲ್ಲೇ ಇಳಿಸ್ತಾರೆ. ಅವರವರೇ ಬಂದು ಒಯ್ತಾರೆ, ನಿಂಗೇನೂ ಕೆಲಸ ಇಲ್ಲ. ಇಪ್ಪತ್ತೆರಡೇ ಮನೆ."

ಗೋಂದಣ್ಣ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ರಸ್ತೆ ದಾಟಿಯಾಗಿತ್ತು.

ಮೊದಲ ಗುರುವಾರವೇ ಅವನಿಗೆ ತಲೆಚಿಟ್ಟು ಹಿಡಿಯಿತು. ಬುಟ್ಟಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಣ್ಣು ಮೆತ್ತಿದ ಬೇರು, ಸೊಪ್ಪಿನ ಸಂದಿಯಿಂದ ಇಣುಕಿದ ಬಸವನಹುಳು, ಎಲ್ಲವೂ ಹಾಳೆ ಕತ್ತರಿಸುವ ಮೇಜಿನಿಂದ ಎರಡು ಮಾರು ದೂರದಲ್ಲಿ. ಐದು ಗಂಟೆಗೆ ಬರುತ್ತೇವೆಂದವರು ಏಳಕ್ಕೆ ಬಂದರು. ಒಬ್ಬಾಕೆ ತನ್ನ ಬುಟ್ಟಿಯ ಸಣ್ಣ ಎಲೆಕೋಸನ್ನು ಪಕ್ಕದ ಬುಟ್ಟಿಯ ದೊಡ್ಡದಕ್ಕೆ ಸದ್ದಿಲ್ಲದೆ ಬದಲಾಯಿಸಿಕೊಂಡಳು. ಪಕ್ಕದ ಬುಟ್ಟಿಯವನು ಬಂದು, ಕದ್ದದ್ದು ಗೋಂದಣ್ಣನೇ ಎನ್ನುವಂತೆ ಅವನ ಮುಖ ನೋಡಿದ. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಜೇಬಿನಿಂದ ಸ್ಪ್ರಿಂಗ್ ತಕ್ಕಡಿ ತೆಗೆದು ನವಿಲುಕೋಸನ್ನು ಅಲ್ಲೇ ತೂಗಿದರು.

"ಕಳೆದ ವಾರಕ್ಕಿಂತ ಕಡಿಮೆ ಇದೆಯಲ್ಲಯ್ಯ."

"ಕಳೆದ ವಾರ ಕೊಟ್ಟೇ ಇಲ್ಲ ಮೇಷ್ಟ್ರೇ. ಇದೇ ಮೊದಲ ವಾರ."

"ಅಂದ್ರೂ ಕಡಿಮೆಯೇ."

ನಾಲ್ಕನೇ ವಾರ ಯಾರೋ ಪುಣ್ಯಾತ್ಮರು ಚೀಲ ಹುಡುಕುವ ಭರದಲ್ಲಿ ತಮ್ಮ ಒದ್ದೆ ಸೊಪ್ಪಿನ ಕಟ್ಟನ್ನು ಹೊಲಿದಿಟ್ಟ ಪ್ರಬಂಧವೊಂದರ ಮೇಲೆ ಇಟ್ಟರು. ಎತ್ತಿ ನೋಡುವಷ್ಟರಲ್ಲಿ ನಲವತ್ತು ಹಾಳೆ ಹಸಿರು ಹಸಿರಾಗಿ ಉಬ್ಬಿದ್ದವು. ಪ್ರಬಂಧ ಬರೆದ ಹುಡುಗಿಗೆ ಗೋಂದಣ್ಣನೇ ಕ್ಷಮೆ ಕೇಳಿ, ಹಾಳೆ ಮತ್ತೆ ಅಚ್ಚು ಹಾಕಿಸಿ, ಹೊಲಿಗೆ ಬಿಚ್ಚಿ ಮತ್ತೆ ಹೊಲಿದ. ಸೊಪ್ಪು ಇಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಎಂದು ಹಲ್ಲು ಕಡಿದುಕೊಂಡ.

ಅದರ ಮುಂದಿನ ವಾರ ಆಲಿಕಲ್ಲು ಬಿತ್ತು. ಊರಲ್ಲಿ ನಾಲ್ಕು ಕಾರಿನ ಗಾಜು ಒಡೆದು ಸುದ್ದಿಯಾಯಿತು. ತೋಟದಲ್ಲಿ ಏನಾಯಿತೆಂದು ಯಾರೂ ಕೇಳಲಿಲ್ಲ. ಗುರುವಾರದ ಬುಟ್ಟಿಯೇ ಹೇಳಿತು. ಮೂಲಂಗಿ. ಬರೀ ಮೂಲಂಗಿ. ನೆಲದೊಳಗಿದ್ದದ್ದು ಅದೊಂದೇ ಆದ್ದರಿಂದ ಅದೊಂದೇ ಉಳಿದಿತ್ತು. ಮರುವಾರವೂ ಮೂಲಂಗಿ. ಅದರ ಮರುವಾರ ಮೂಲಂಗಿ, ಜೊತೆಗೆ ಅದರದೇ ತೂತುಬಿದ್ದ ಸೊಪ್ಪು.

ಇಪ್ಪತ್ತೆರಡು ಮನೆಯವರ ಸಿಟ್ಟೂ ಗೋಂದಣ್ಣನ ಮೇಲೆ ಇಳಿಯಿತು. ಅವನು ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ಕತ್ತಲ ಕೋಣೆಯಲ್ಲಿ ಮಲಗಿದ್ದಳು.

"ಡಾಕ್ಟ್ರು ಟೆನ್ಷನ್ ತಗೋಬೇಡಿ ಅಂದಿದಾರಪ್ಪ. ನೀನೇ ನೋಡ್ಕೋ. ನಿಂಗೆ ಕಣ್ಣು ಚೆನ್ನಾಗಿದೆಯಲ್ಲ" ಎಂದು ಫೋನಿಟ್ಟಳು.

ಇನ್ನು ಸಾಕು ಎಂದುಕೊಂಡ ಗೋಂದಣ್ಣ ಭಾನುವಾರ ಬಸ್ ಹತ್ತಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ: 'ನೋಡಮ್ಮ, ನಂದು ಪುಸ್ತಕದ ಅಂಗಡಿ, ಸಂತೆಯಲ್ಲ. ಮುಂದಿನ ಗುರುವಾರದಿಂದ ಬುಟ್ಟಿ ನನ್ನಲ್ಲಿ ಇಳಿಸಕೂಡದು.' ಮೊದಲು ಜೋರಾಗಿ, ಆಮೇಲೆ ಸ್ವಲ್ಪ ಮೆತ್ತಗೆ, ಕೊನೆಗೆ ಮತ್ತೆ ಜೋರಾಗಿಯೇ ಹೇಳುವುದೆಂದು ತೀರ್ಮಾನಿಸಿದ.

ತೋಟದಾಕೆಗೆ ನಲವತ್ತರ ಮೇಲೆ ವಯಸ್ಸು. ಮೊಳಕಾಲಿಗೆ ಹಳೇ ಟೈರಿನ ತುಂಡು ಕಟ್ಟಿಕೊಂಡು, ಸಸಿಗಳ ಮೇಲೆ ಹೊದಿಸುವ ನೆರಳುಬಲೆಯನ್ನು ನೆಲದ ಮೇಲೆ ಹರಡಿ ಕೂತಿದ್ದಳು. ಆಲಿಕಲ್ಲಿಗೆ ಬಲೆ ಉದ್ದಕ್ಕೆ ಸೀಳಿತ್ತು. ಅದನ್ನಾಕೆ ಪ್ಲಾಸ್ಟಿಕ್ ದಾರದಿಂದ ಗಂಟು ಹಾಕಿ ಹಾಕಿ ಸೇರಿಸುತ್ತಿದ್ದಳು. ಸುತ್ತ ಎಲೆಕೋಸಿನ ಎಲೆಗಳು ಜರಡಿಯಾಗಿದ್ದವು. ಮಡಿಗಳಲ್ಲಿ ಹೊಸದಾಗಿ ಊರಿದ ಹುರುಳಿಕಾಯಿ ಬೀಜ ಬೆರಳುದ್ದ ತಲೆಯೆತ್ತಿತ್ತು.

ಗೋಂದಣ್ಣ ಮಾತಾಡಲೆಂದು ಗಂಟಲು ಸರಿಮಾಡಿಕೊಂಡ. ಆದರೆ ಕಣ್ಣು ಆ ಗಂಟುಗಳ ಮೇಲೆಯೇ ಬಿತ್ತು.

"ಇದೇನ್ರೀ ಇದು, ಹೊಲಿಗೆನಾ?"

"ಇನ್ನೇನು ಮತ್ತೆ?" ಆಕೆ ತಲೆ ಎತ್ತಲಿಲ್ಲ.

"ಒಂದೊಂದು ಗಂಟೂ ಒಂದೊಂದು ಕಡೆ ಎಳೀತಿದೆ. ಒಂದು ಗಾಳಿ ಬೀಸಲಿ, ಪಕ್ಕದಲ್ಲೇ ಮತ್ತೆ ಹರಿಯತ್ತೆ. ಎಳೆತ ಎಲ್ಲ ಕಡೆ ಸಮ ಇರ್ಬೇಕು. ಕೊಡಿ ಇಲ್ಲಿ."

"ನೀವ್ಯಾರು?"

"ನಿಮ್ಮ ಮೂಲಂಗಿ ಕಾಯೋನು."

ಆಕೆ ನಗಲಿಲ್ಲ. ಸುಮ್ಮನೆ ಸರಿದು ಜಾಗ ಬಿಟ್ಟಳು. ಗೋಂದಣ್ಣ ಅವಳ ಗಂಟುಗಳನ್ನೆಲ್ಲ ಗೊಣಗುತ್ತಲೇ ಕತ್ತರಿಸಿದ. ಸೈಕಲ್ ಚಕ್ರದ ಕಡ್ಡಿಯೊಂದನ್ನು ಬಗ್ಗಿಸಿ ಸೂಜಿ ಮಾಡಿಕೊಂಡ. ಹಾಳೆಯ ಮಡಿಕೆಗಳನ್ನು ಒಂದಕ್ಕೊಂದು ಕೊಂಡಿ ಹಾಕುವಂತೆ ಸೀಳಿನ ಎರಡೂ ಅಂಚುಗಳನ್ನು ಕೊಂಡಿ ಹೊಲಿಗೆಯಲ್ಲಿ ಸೇರಿಸುತ್ತ ಹೋದ. ಮಂಡಿ ನೋಯಿತು, ಬಿಸಿಲಿಗೆ ಕತ್ತು ಉರಿಯಿತು. ಮಧ್ಯೆ ಆಕೆ ನೀರು ತಂದುಕೊಟ್ಟು, "ಬೇರೆಯವ್ರೆಲ್ಲ ಫೋನಲ್ಲಿ ಬೈದ್ರು. ನೀವೊಬ್ರೇ ಇಲ್ಲಿತನಕ ಬಂದು ಬೈದದ್ದು" ಎಂದಳು. ಸಂಜೆ ಇಬ್ಬರೂ ಬಲೆಯನ್ನೆತ್ತಿ ಕಂಬಗಳಿಗೆ ಕಟ್ಟಿದರು.

ತಾನು ಹೇಳಲು ಬಂದ ಮಾತನ್ನು ಹೇಳಲೇ ಇಲ್ಲವೆಂದು ಅವನಿಗೆ ನೆನಪಾದದ್ದು ಬಸ್ಸು ಅರ್ಧ ದಾರಿ ಬಂದ ಮೇಲೆ. "ಥೂ!" ಎಂದ ಗಟ್ಟಿಯಾಗಿ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು.

ಗುರುವಾರ ಮತ್ತೆ ಮೂಲಂಗಿಯೇ ಬಂತು. ಅಂಗಡಿಯಲ್ಲಿ ಏಳೆಂಟು ಜನ ಸೇರಿದ್ದರು. ಮೇಷ್ಟ್ರು ತಕ್ಕಡಿ ತೆಗೆದು, "ಇದು ಪಾಲೋ ಶಿಕ್ಷೆಯೋ? ನಮಗೆ ಮೋಸ ಆಗಿದೆ ಕಣಯ್ಯ" ಎಂದರು. ಉಳಿದವರು ಹೌದು ಹೌದೆಂದರು.

ಗೋಂದಣ್ಣ ಅಂಟಿನ ಕುಂಚವನ್ನು ಡಬ್ಬಿಗೆ ಹಾಕಿ ಎದ್ದ.

"ಪಾಲು ತಗೊಳ್ಳೋವಾಗ ಸಹಿ ಹಾಕಿದ್ರಲ್ಲ ಮೇಷ್ಟ್ರೇ, ಆ ಕಾಗದ ಓದಿದ್ರಾ? ಬೆಳೆದ್ರೆ ಬೆಳೆದದ್ರಲ್ಲಿ ಪಾಲು, ಹಾಳಾದ್ರೆ ಹಾಳಾದದ್ರಲ್ಲೂ ಪಾಲು ಅಂತ ಎರಡನೇ ಸಾಲಲ್ಲೇ ಇದೆ. ಆಲಿಕಲ್ಲು ಹ್ಯಾಗೆ ಆಗತ್ತೆ ಅಂತ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದೋರು ನೀವು, ಅದು ಎಲೆಕೋಸಿನ ಮೇಲೆ ಬಿದ್ರೆ ಏನಾಗತ್ತೆ ಅಂತ ಗೊತ್ತಾಗ್ಲಿಲ್ವಾ? ಬೇಡದವರು ಬಿಟ್ಟುಬಿಡಿ. ಇರೋರು ಐದು ಗಂಟೆಗೆ ಅಂದ್ರೆ ಐದಕ್ಕೆ ಬನ್ನಿ, ನನ್ನ ಮೇಜು ಮುಟ್ಟಬೇಡಿ!"

ಸಾಲಿನ ಕೊನೆಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಮೆಲ್ಲಗೆ, "ನಿಮಗೆ ಮೂಲಂಗಿ ಅಂದ್ರೆ ಇಷ್ಟವೇನೋ?" ಎಂದರು.

"ಕಂಡ್ರಾಗಲ್ಲ" ಎಂದ ಗೋಂದಣ್ಣ.

ಆ ವಾರ ಆರು ಮನೆಯವರು ಬಿಟ್ಟರು. ಮೇಷ್ಟ್ರೂ ಬಿಟ್ಟಾರೆಂದು ಗೋಂದಣ್ಣ ಆಸೆಪಟ್ಟಿದ್ದ; ಅವರು ಬಿಡಲಿಲ್ಲ. ಬದಲಿಗೆ ಐದು ಗಂಟೆಗೆ ಸರಿಯಾಗಿ ಬರತೊಡಗಿದರು, ತಕ್ಕಡಿ ಸಮೇತ. ತಿಂಗಳೊಳಗೆ ಹುರುಳಿಕಾಯಿ ಬಂತು, ಆಮೇಲೆ ಬದನೆ, ಆಮೇಲೆ ಹೊರಲಾರದಷ್ಟು ಕುಂಬಳ. ಈಗ ಕುಂಬಳ ಹೆಚ್ಚಾಯಿತೆಂದು ದೂರು. ಗೋಂದಣ್ಣ ಸ್ವಂತ ಹಲಗೆಯಲ್ಲಿ ಅಂಗಡಿಯ ಹೊರಗೆ ಸೂರಿನ ಕೆಳಗೆ ಮೂರು ಅಂತಸ್ತಿನ ಕಪಾಟು ಹೊಡೆಸಿದ. ಅದಾದ ಮೇಲೆ ಒಂದು ಎಲೆಯೂ ಹೊಸ್ತಿಲು ದಾಟಲಿಲ್ಲ.

ಹಂಗಾಮು ಮುಗಿಯುವ ಹೊತ್ತಿಗೆ ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಬಂದಳು. ಕಪಾಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೋಡ್ದ್ಯಾ? ನಿಂಗೇನೂ ಕೆಲಸ ಇರಲ್ಲ ಅಂತ ನಾನು ಹೇಳಿರ್ಲಿಲ್ವಾ" ಎಂದಳು. ಗೋಂದಣ್ಣ ಹೊಲಿದ ಕಡತವೊಂದನ್ನು ಒತ್ತುಯಂತ್ರಕ್ಕೆ ಇಟ್ಟು ಹಿಡಿ ತಿರುಗಿಸಿದ.

"ಮುಂದಿನ ಸಲಕ್ಕೂ ನಿನ್ನ ಹೆಸರು ಬರೆಸ್ಲಾ?"

"ಬೇಡ. ನಾನೇ ಬರ್ಕೊಟ್ಟಾಯ್ತು."

"ಯಾಕೋ? ಇಷ್ಟು ಗೋಳಾಡಿದೋನು!"

"ಬೇರೆ ಯಾರಾದ್ರೂ ವಹಿಸ್ಕೊಂಡ್ರೆ ಕುಂಬಳಕಾಯಿ ಮೇಲೆ, ಸೊಪ್ಪು ಕೆಳಗೆ ಪೇರಿಸ್ತಾರೆ. ನಂಗೆ ನೋಡಕ್ಕಾಗಲ್ಲ" ಎಂದು ಗೋಂದಣ್ಣ ಒತ್ತುಯಂತ್ರದ ಹಿಡಿಯನ್ನು ಇನ್ನೊಂದು ಸುತ್ತು ಬಿಗಿದ.